ಬಾಲವಿದ್ದ ಮೇಲೆ ದೇಹವೂ ಇರಬೇಕಲ್ಲ

ಹವಾಯಿ ಎಂದೊಡನೆ ಕಣ್ಣೆದುರು ಬರುವ ವೈಕೀಕಿಯ ಮರಳು, ಹೊನೊಲುಲುವಿನ ಎತ್ತರೆತ್ತರದ ಹೋಟೆಲುಗಳು ಎಲ್ಲವೂ ಓವಾಹು ದ್ವೀಪದ ದಕ್ಷಿಣ ಮಗ್ಗುಲಿನವು. ಬೆಟ್ಟ ದಾಟಿ ಈಶಾನ್ಯದ ಕರಾವಳಿಗೆ ಇಳಿದರೆ ಹವೆಯೇ ಬೇರೆ. ಕಡಲ ಗಾಳಿ ಮೊದಲು ಬಡಿಯುವುದು ಈ ಕಡೆಗೆ. ಮಳೆ ಹೆಚ್ಚು, ಹಸಿರು ಹೆಚ್ಚು, ಜನ ಕಡಿಮೆ. ಇಲ್ಲಿನ ಕಾನೆಒಹೆ ಕೊಲ್ಲಿಯ ಉತ್ತರದ ತುದಿಯಲ್ಲಿ ಕುವಾಲೋವಾ ಎಂಬ ಜಾಗವಿದೆ. ಕೊಓಲಾವು ಬೆಟ್ಟಸಾಲಿನ ಕಡಿದಾದ ಬಂಡೆಗೋಡೆ ಅಲ್ಲಿ ಸಮುದ್ರದ ಹತ್ತಿರ ಹತ್ತಿರಕ್ಕೇ ಬಂದು ನಿಂತಿದೆ. ಗೋಡೆಗೂ ನೀರಿಗೂ ನಡುವೆ ಉಳಿದಿರುವುದು ಚಪ್ಪಟೆ ನೆಲದ ಒಂದು ಪಟ್ಟಿ. 83ನೇ ಸಂಖ್ಯೆಯ ಹೆದ್ದಾರಿ ಹೋಗುವುದು ಅದರ ಮೇಲೆಯೇ. ಹೋಗಲು ಬೇರೆ ದಾರಿಯೂ ಇಲ್ಲ.

ಆ ಪಟ್ಟಿಯಿಂದ ಸುಮಾರು ಅರ್ಧ ಕಿಲೋಮೀಟರು ದೂರದಲ್ಲಿ, ನೀರಿನಿಂದ ನೇರ ಮೇಲೆದ್ದ ಒಂದು ಕಲ್ಲಿನ ಕೋಡು ಕಾಣುತ್ತದೆ. ಎತ್ತರ 63 ಮೀಟರ್, ವಿಸ್ತೀರ್ಣ 12 ಎಕರೆಯ ಆಸುಪಾಸು. ಕುಡಿಯುವ ನೀರಿಲ್ಲ, ಮನೆಮಠವಿಲ್ಲ, ಯಾರೂ ವಾಸವಿಲ್ಲ. ಹೆಸರು ಮೊಕೊಲಿಇ. ಪುಟ್ಟ ಹಲ್ಲಿ ಎಂದು ಅರ್ಥ. ‘ಪುಟ್ಟ’ ಎಂಬುದನ್ನು ಮಾತ್ರ ಅಷ್ಟು ಸುಲಭವಾಗಿ ನಂಬುವಂತಿಲ್ಲ. ಸ್ಥಳೀಯರು ಹೇಳುವ ಕಥೆಯ ಪ್ರಕಾರ ನಮಗೆ ಕಾಣುತ್ತಿರುವುದು ಆ ಪ್ರಾಣಿಯ ಬಾಲ ಅಷ್ಟೇ. ದೇಹ ಇತ್ತ ದಡದಲ್ಲಿದೆ, ಅದರ ಮೇಲೆ ಹೆದ್ದಾರಿ ಹಾದುಹೋಗಿದೆ.

ಈ ಕಥೆಯನ್ನು ಪ್ರವಾಸಿ ಕೈಪಿಡಿಗಳು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ: ಹಿಇಯಾಕ ಎಂಬ ದೇವತೆ ದೈತ್ಯ ಹಲ್ಲಿಯೊಂದನ್ನು ಕೊಂದು ಅದರ ಬಾಲವನ್ನು ಕಡಲಿಗೆ ಎಸೆದಳು, ಅದು ದ್ವೀಪವಾಯಿತು. ಸುಳ್ಳೇನಲ್ಲ. ಆದರೆ ಹಿಇಯಾಕ ಯಾರು, ಆ ದಾರಿಯಲ್ಲಿ ಯಾಕೆ ಬಂದಳು, ಹಲ್ಲಿ ಯಾಕೆ ಅಡ್ಡ ಬಂತು ಎಂದು ಕೇಳದೆ ಹೋದರೆ ಕಥೆಯ ಬಾಲವನ್ನಷ್ಟೇ ಹಿಡಿದುಕೊಂಡ ಹಾಗಾಗುತ್ತದೆ.

ಮೊದಲು ಬರಬೇಕಾದವಳು ಪೆಲೆ. ಜ್ವಾಲಾಮುಖಿಯ ದೇವತೆ, ಮುಂಗೋಪಿ, ಕಿಲಾವೆಯ ಕುಂಡದಲ್ಲಿ ವಾಸ. ದೂರದ ಕಹಿಕಿಯಿಂದ ಸಮುದ್ರ ದಾಟಿ ಹವಾಯಿಗೆ ಬರುವಾಗ ಇನ್ನೂ ಮೊಟ್ಟೆಯಾಗಿದ್ದ ಕಿರಿಯ ತಂಗಿಯನ್ನು ಎದೆಗವಚಿಕೊಂಡು ತಂದವಳು. ಆ ತಂಗಿಯೇ ಹಿಇಯಾಕ. ಒಂದು ದಿನ ಪೆಲೆ ಗಾಢ ನಿದ್ದೆಗೆ ಜಾರುತ್ತಾಳೆ. ದೇಹ ಅಲ್ಲೇ ಉಳಿಯುತ್ತದೆ. ಆತ್ಮವೊಂದೇ ಎಲ್ಲಿಂದಲೋ ಕೇಳಿಬರುವ ಡೋಲಿನ ಸದ್ದನ್ನು ಹಿಂಬಾಲಿಸುತ್ತ ದ್ವೀಪದಿಂದ ದ್ವೀಪಕ್ಕೆ ಸಾಗಿ, ಸಾಲಿನ ಆಚೆ ತುದಿಯ ಕವಾಯಿಯನ್ನು ಮುಟ್ಟುತ್ತದೆ. ಅಲ್ಲಿ ಹುಲಾ ನೃತ್ಯ ನಡೆಯುತ್ತಿದೆ. ಲೋಹಿಯಾವು ಎಂಬ ನಾಯಕ ಕಾಣುತ್ತಾನೆ. ಪ್ರೇಮವಾಗುತ್ತದೆ. ಎಚ್ಚರವಾದಾಗ ಪೆಲೆಗೆ ಅವನು ಬೇಕು. ಕರೆತರಲು ಯಾರು ಹೋಗುತ್ತೀರಿ ಎಂದು ತಂಗಿಯರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತಾಳೆ. ಅಕ್ಕನ ಸ್ವಭಾವ ಬಲ್ಲ ಅವರೆಲ್ಲ ಹಿಂದೆ ಸರಿಯುತ್ತಾರೆ. ಒಪ್ಪಿಕೊಳ್ಳುವವಳು ಎಲ್ಲರಿಗಿಂತ ಕಿರಿಯಳು.

ಒಪ್ಪಿಗೆಗೆ ಎರಡೂ ಕಡೆಯಿಂದ ಷರತ್ತುಗಳಿವೆ. ಲೋಹಿಯಾವುವನ್ನು ತನಗೆ ಒಪ್ಪಿಸುವವರೆಗೆ ಹಿಇಯಾಕ ಅವನನ್ನು ಅಪ್ಪಿಕೊಳ್ಳಕೂಡದು, ಗಡುವಿನೊಳಗೆ ಹಿಂತಿರುಗಬೇಕು ಎಂಬುದು ಅಕ್ಕನದು. ತಾನಿಲ್ಲದಾಗ ತನ್ನ ಲೆಹುವಾ ಹೂವಿನ ತೋಪನ್ನೂ ತನಗೆ ಹುಲಾ ಕಲಿಸಿದ ಗೆಳತಿ ಹೋಪೋಯೆಯನ್ನೂ ಲಾವಾದಿಂದ ಸುಡಕೂಡದು ಎಂಬುದು ತಂಗಿಯದು. ಹೊರಡುವ ಮುನ್ನ ಅಕ್ಕ ಅವಳಿಗೆ ಶಕ್ತಿ ಕೊಡುತ್ತಾಳೆ. ಆ ಶಕ್ತಿ ಇರುವುದು ಆಯುಧದಲ್ಲಲ್ಲ, ಉಟ್ಟ ಲಂಗದಲ್ಲಿ. ಅದನ್ನು ಬೀಸಿದರೆ ಸಿಡಿಲು.

ಹೀಗೆ ಸೊಂಟಕ್ಕೆ ಸಿಡಿಲು ಸುತ್ತಿಕೊಂಡು, ವಹಿನೆಓಮಓ ಎಂಬ ಸಂಗಾತಿಯೊಡನೆ ಹೊರಟ ಹೆಣ್ಣುಮಗಳಿಗೆ ಹೆಜ್ಜೆಹೆಜ್ಜೆಗೂ ಎದುರಾಗುವವರು ಮೊಒಗಳು. ಹಲ್ಲಿಯ ರೂಪದ, ಎಷ್ಟು ಬೇಕಾದರೂ ದೊಡ್ಡದಾಗಬಲ್ಲ ಶಕ್ತಿಗಳು. ಪೆಲೆಯ ಕುಂಡವಿರುವ, ಹವಾಯಿ ಎಂದೇ ಹೆಸರಿನ ದ್ವೀಪದ ಕಾಡಿನಲ್ಲಿ ಪನಾಎವ ಎಂಬ ಮೊಒವಿನ ಸೈನ್ಯವೇ ಅಡ್ಡಗಟ್ಟುತ್ತದೆ. ಅದನ್ನು ಗೆದ್ದು, ದೋಣಿಯಲ್ಲಿ ದ್ವೀಪಗಳನ್ನು ದಾಟಿ ಓವಾಹುವಿನ ಪೂರ್ವ ತುದಿಗೆ ಇಳಿದು, ಕರಾವಳಿ ಹಿಡಿದು ಕಾಲ್ನಡಿಗೆಯಲ್ಲಿ ಉತ್ತರಕ್ಕೆ ಬರುವಾಗ ಸಿಗುವುದು ಕುವಾಲೋವಾ. ಒಂದು ಕಡೆ ಏರಲಾಗದ ಬಂಡೆಗೋಡೆ, ಇನ್ನೊಂದು ಕಡೆ ಕಡಲು. ಅಡ್ಡಗಟ್ಟಬೇಕೆಂದರೆ ಇದಕ್ಕಿಂತ ಒಳ್ಳೆಯ ಜಾಗ ಯಾವ ದರೋಡೆಕೋರನಿಗೂ ಸಿಗಲಾರದು. ಮೊಕೊಲಿಇ ಎಂಬ ಮೊಒ ಅಲ್ಲೇ ಕಾಯುತ್ತಿತ್ತು. ಹಿಇಯಾಕ ಅದನ್ನು ಕೊಂದಳು. ಬಾಲವನ್ನು ತುಂಡರಿಸಿ ಕಡಲಿಗೆ ಎಸೆದಳು ಎಂದು ಕೆಲವರು, ಗುರುತಿಗೆಂದು ಅದನ್ನು ಕಡಲಲ್ಲಿ ಹಾಗೆಯೇ ನಿಲ್ಲಿಸಿದಳು ಎಂದು ಇನ್ನು ಕೆಲವರು. ಉಳಿದ ದೇಹ ಬೆಟ್ಟದ ಬುಡದಲ್ಲಿ ಮಲಗಿ, ಮುಂದೆ ನಡೆದು ಬರುವವರಿಗೆ ದಾರಿಯಾಯಿತು.

ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಈ ಕೊನೆಯದು. ಬಾಲಕ್ಕಿಂತ ದೇಹದ ಕಥೆ ದೊಡ್ಡದು. ಹಲ್ಲಿ ಬಾಲ ಕಳಚಿಕೊಂಡು ಓಡಿಹೋದರೆ ನಾವೆಲ್ಲ ನೋಡುತ್ತ ನಿಲ್ಲುವುದು ನೆಲದಲ್ಲಿ ಮಿಸುಕಾಡುವ ಬಾಲವನ್ನೇ. ಇಲ್ಲಿಯೂ ಅಷ್ಟೇ: ಕ್ಯಾಮೆರಾಗಳೆಲ್ಲ ಕಡಲ ಕಡೆಗೆ ತಿರುಗಿರುತ್ತವೆ, ಕಾಲಡಿಯಲ್ಲಿ ಇರುವುದನ್ನು ಯಾರೂ ನೋಡುವುದಿಲ್ಲ.

ಒಂದು ತಮಾಷೆಯೂ ಇದೆ. ಕುವಾಲೋವಾದ ಬೆಟ್ಟದ ಮಗ್ಗುಲಿನ ಕಣಿವೆಯಲ್ಲಿ ‘ಜುರಾಸಿಕ್ ಪಾರ್ಕ್’ ಚಿತ್ರದ ದೃಶ್ಯಗಳು ಚಿತ್ರೀಕರಣಗೊಂಡವು. 1993ರಲ್ಲಿ ಚಿತ್ರ ಬಿಡುಗಡೆಯಾದ ಮೇಲೆ ಡೈನೊಸಾರ್ ಓಡಾಡಿದ ಹುಲ್ಲುಗಾವಲನ್ನು ನೋಡಲು ಬಸ್ಸುಗಟ್ಟಲೆ ಜನ ಬರುತ್ತಾರೆ. ಇಲ್ಲದ ದೈತ್ಯ ಹಲ್ಲಿಗಳನ್ನು ನೋಡಲು ಹೋಗುವ ಆ ಬಸ್ಸುಗಳು ಓಡುವುದು, ಕಥೆಯ ಪ್ರಕಾರ, ಇರುವ ದೈತ್ಯ ಹಲ್ಲಿಯ ಬೆನ್ನ ಮೇಲೆ.

ಇರುವ ಎಂದೆ. ಹವಾಯಿಯಲ್ಲಿ ನಿಜಕ್ಕೂ ದೊಡ್ಡ ಹಲ್ಲಿಗಳು ಎಂದೂ ಇರಲಿಲ್ಲ. ಉಡವಿಲ್ಲ, ಮೊಸಳೆಯಿಲ್ಲ. ಮನೆಯ ಗೋಡೆಯ ಮೇಲೆ ಹರಿದಾಡುವ ಸಣ್ಣ ಹಲ್ಲಿ, ಅರಣೆಗಳೂ ಮನುಷ್ಯರ ದೋಣಿಗಳಲ್ಲಿ ಬಂದವು. ಅಂಥ ನಾಡಿನ ಜನ ಇಷ್ಟು ದೊಡ್ಡ ಹಲ್ಲಿಯನ್ನು ಎಲ್ಲಿಂದ ತಂದರು? ಪೆಸಿಫಿಕ್‌ನ ಪಶ್ಚಿಮದಲ್ಲಿ, ಅವರ ಪೂರ್ವಜರು ಬಿಟ್ಟುಬಂದ ದ್ವೀಪಗಳಲ್ಲಿ, ಮೊಸಳೆಗಳೂ ಉಡಗಳೂ ಇದ್ದವು. ಅವುಗಳ ನೆನಪು ಕಥೆಯೊಳಗೆ ಸೇರಿ ಸಾವಿರಾರು ಮೈಲಿ ಪಯಣಿಸಿತು ಎಂದು ಊಹಿಸುವವರಿದ್ದಾರೆ. ಊಹೆ ಚೆನ್ನಾಗಿದೆ. ಊಹೆಯಾಗಿಯೇ ಇರಲಿ.

ಮೊಒ ಎಂದರೆ ರಾಕ್ಷಸ ಎಂದು ತಿಳಿದರೂ ತಪ್ಪಾಗುತ್ತದೆ. ಕೆರೆ, ಹೊಳೆ, ಮೀನುಕೊಳಗಳನ್ನು ಕಾಯುವವರು ಮೊಒಗಳೇ. ಕೊಳದ ಮೊಒವನ್ನು ಸರಿಯಾಗಿ ನಡೆಸಿಕೊಂಡರೆ ಮೀನು ಸಮೃದ್ಧಿ, ಅವಮಾನಿಸಿದರೆ ಮೀನು ಸಿಕ್ಕರೂ ಸಪ್ಪೆ. ಕುವಾಲೋವಾದ ಪಕ್ಕದಲ್ಲೇ ಮೊಲಿಇ ಎಂಬ ಹಳೆಯ ಮೀನುಕೊಳವಿದೆ. ಸಮುದ್ರಕ್ಕೆ ಅಡ್ಡಲಾಗಿ ಕಲ್ಲಿನ ಗೋಡೆ ಕಟ್ಟಿ, ಸಣ್ಣ ಮೀನು ಒಳಗೆ ಬರುವಂತೆ, ಕೊಬ್ಬಿದ ಮೀನು ಹೊರಗೆ ಹೋಗದಂತೆ ತೂಬಿಟ್ಟು ಮಾಡಿದ ಕೊಳ. ಹಾಗಾಗಿ ಹಿಇಯಾಕಳ ದಾರಿಯುದ್ದಕ್ಕೂ ನಡೆಯುವುದು ದೇವ-ದಾನವರ ಯುದ್ಧವೆಂದು ನನಗೆ ಅನ್ನಿಸುವುದಿಲ್ಲ. ಅದು ಬೆಂಕಿಯ ಕುಲಕ್ಕೂ ನೀರಿನ ಕುಲಕ್ಕೂ ನಡುವಿನ ವ್ಯಾಜ್ಯ. ಬೆಂಕಿಯ ಕುಲದವಳು ದಾರಿ ಬಿಡಿಸಿಕೊಳ್ಳುತ್ತಾಳೆ, ನೀರಿನ ಕುಲದ್ದು ಸತ್ತು ನೆಲವಾಗುತ್ತದೆ. ಸೋತ ಮೊಒವಿನ ಹೆಸರೇ ಊರಿನ ಗುರುತಾಗಿ ಉಳಿದಿದೆ ಎಂಬುದನ್ನೂ ಗಮನಿಸಬೇಕು. ಗೆದ್ದವಳ ಹೆಸರು ಆ ದ್ವೀಪಕ್ಕಿಲ್ಲ.

ಇಂಥ ಕಥೆಗಳನ್ನು ‘ವಿಜ್ಞಾನ ಗೊತ್ತಿಲ್ಲದ ಕಾಲದ ವಿವರಣೆ’ ಎಂದು ಬದಿಗಿಡುವ ಚಾಳಿ ನಮ್ಮಲ್ಲಿದೆ. ಹಾಗಾದರೆ ಭೂವಿಜ್ಞಾನ ಏನು ಹೇಳುತ್ತದೆ ನೋಡೋಣ. ಕೊಓಲಾವು ಬೆಟ್ಟಸಾಲು ಒಂದು ಹಳೆಯ ಜ್ವಾಲಾಮುಖಿಯ ಅರ್ಧ. ಉಳಿದರ್ಧ ಹತ್ತು ಲಕ್ಷ ವರ್ಷಗಳಿಗೂ ಹಿಂದೆ ಕುಸಿದು ಕಡಲಿಗೆ ಬಿತ್ತು. ಭೂಮಿಯ ಮೇಲೆ ನಡೆದ ಅತಿ ದೊಡ್ಡ ಭೂಕುಸಿತಗಳಲ್ಲಿ ಅದೂ ಒಂದು. ಅದರ ಬಂಡೆಗಳು ನೂರಾರು ಕಿಲೋಮೀಟರು ದೂರದ ಸಾಗರತಳದಲ್ಲಿ ಚೆಲ್ಲಿಕೊಂಡಿವೆ. ಆ ಬಳಿಕ ಮಳೆಯೂ ಅಲೆಗಳೂ ಉಳಿದ ಗೋಡೆಯನ್ನು ಕೊರೆದವು. ಬೆಟ್ಟದಿಂದ ಕಡಲಿನ ಕಡೆಗೆ ಚಾಚಿದ್ದ ಏಣುಗಳು ಸವೆದವು. ಗಟ್ಟಿ ಕಲ್ಲಿನ ಒಂದು ತುಂಡು ಮಾತ್ರ ಸವೆಯದೆ ನಿಂತಿತು. ಅದೇ ಮೊಕೊಲಿಇ. ಅದು ತಾನಾಗಿ ಕಡಲಿನಿಂದ ಎದ್ದ ದ್ವೀಪವಲ್ಲ, ದಡದ ಬೆಟ್ಟದಿಂದಲೇ ಕತ್ತರಿಸಿಹೋದ ತುಂಡು.

ಕಥೆ ಹೇಳಿದ್ದೂ ಇದನ್ನೇ ಅಲ್ಲವೇ? ಯಾರೋ ಭೂಕುಸಿತವನ್ನು ಕಣ್ಣಾರೆ ಕಂಡು ಹೇಳಿದರು ಎಂದು ವಾದಿಸುತ್ತಿಲ್ಲ. ಮನುಷ್ಯರು ಹವಾಯಿ ತಲುಪಿದ್ದೇ ಸುಮಾರು ಸಾವಿರ ವರ್ಷಗಳ ಹಿಂದೆ. ಕಲ್ಲಿನ ಬಣ್ಣ, ಪದರ, ಆಕಾರಗಳನ್ನು ದಿನವೂ ನೋಡುತ್ತ ಬದುಕಿದವರಿಗೆ ಆ ಕೋಡು ಈ ಬೆಟ್ಟದ್ದೇ ಎಂಬುದು ತಿಳಿಯುವುದು ಕಷ್ಟವಿಲ್ಲ. ಕಥೆ ಆ ಸಂಬಂಧವನ್ನು ಮರೆಯದ ಹಾಗೆ ಕಟ್ಟಿಟ್ಟಿತು. ಬಾಲ ಎಂದು ಹೇಳಿದ ಮೇಲೆ ದೇಹ ಎಲ್ಲಿ ಎಂದು ಮಗುವೂ ಕೇಳುತ್ತದೆ.

ದಡದ ನೆಲಕ್ಕೆ ಇದ್ದ ಮಹತ್ವವಾದರೂ ಎಂಥದು! ಕುವಾಲೋವಾ ಓವಾಹುವಿನ ಅತ್ಯಂತ ಪವಿತ್ರ ಜಾಗಗಳಲ್ಲಿ ಒಂದು. ದೊರೆಗಳ ಮಕ್ಕಳನ್ನು ತಂದು ವಿದ್ಯೆ ಕಲಿಸುತ್ತಿದ್ದದ್ದು ಇಲ್ಲಿ. ಅದರ ಮುಂದೆ ಹಾದುಹೋಗುವ ದೋಣಿಗಳು ಗೌರವಕ್ಕಾಗಿ ಹಾಯಿ ಇಳಿಸಬೇಕಿತ್ತು. ಮೇಲಿನ ಶಿಖರಕ್ಕೆ ಕಾನೆಹೋಅಲನಿ ಎಂದು ಹೆಸರು. ಕೆಲವು ವಂಶಾವಳಿಗಳಲ್ಲಿ ಪೆಲೆಯ ತಂದೆಯ ಹೆಸರೂ ಅದೇ. ಸತ್ತ ತಿಮಿಂಗಿಲಗಳು ಈ ತೀರಕ್ಕೆ ತೇಲಿಬರುತ್ತಿದ್ದವು, ಅವುಗಳ ಹಲ್ಲಿನಿಂದ ಮಾಡಿದ ಪದಕವನ್ನು ಧರಿಸುವ ಹಕ್ಕು ದೊರೆಗಳಿಗೆ ಮಾತ್ರ ಇತ್ತು. 18ನೆಯ ಶತಮಾನದ ಕೊನೆಯ ದಶಕಗಳಲ್ಲಿ ಕಹಹಾನ ಓವಾಹುವಿನ ಅರಸನಾದಾಗ, ಅವನನ್ನು ಬೆಳೆಸಿದ್ದ ಮಾವಿ ದ್ವೀಪದ ದೊರೆ ಕಹೆಕಿಲಿ ಪ್ರತಿಫಲವಾಗಿ ಕೇಳಿದ್ದು ಕುವಾಲೋವಾವನ್ನೂ ತೇಲಿಬರುವ ತಿಮಿಂಗಿಲ ದಂತವನ್ನೂ. ಕೊಡಬೇಡ, ಕೊಟ್ಟರೆ ರಾಜ್ಯವನ್ನೇ ಕೊಟ್ಟಂತೆ ಎಂದು ಪುರೋಹಿತ ಕಓಪುಲುಪುಲು ತಡೆದ. ಕಹೆಕಿಲಿ ಬೇರೆ ದಾರಿ ಹಿಡಿದ: ಅರಸನ ಕಿವಿಯೂದಿ ಆ ಪುರೋಹಿತನನ್ನೇ ಕೊಲ್ಲಿಸಿ, 1783ರಲ್ಲಿ ಓವಾಹುವನ್ನು ಗೆದ್ದುಕೊಂಡ. 1850ರಲ್ಲಿ ಇದೇ ನೆಲದ 600ಕ್ಕೂ ಹೆಚ್ಚು ಎಕರೆಯನ್ನು ಕಮೆಹಮೆಹ III ದೊರೆಯಿಂದ ಅವನ ಸಲಹೆಗಾರನೂ ವೈದ್ಯನೂ ಆಗಿದ್ದ ಅಮೆರಿಕನ್ ಮಿಷನರಿ ಗೆರಿಟ್ ಜಡ್ ಖರೀದಿಸಿದ. ಕೊಟ್ಟದ್ದು 1,300 ಡಾಲರ್.

ಜಡ್‌ನ ಮನೆಯವರು 1863ರಲ್ಲಿ ಇಲ್ಲಿ ಸಕ್ಕರೆ ಗಿರಣಿ ಹಾಕಿದರು. ಮಳೆ ಕೈಕೊಟ್ಟು ಕೆಲವೇ ವರ್ಷಗಳಲ್ಲಿ ಅದು ಮುಚ್ಚಿತು. ಅದರ ಕಲ್ಲಿನ ಅವಶೇಷ ಈಗಲೂ ರಸ್ತೆ ಬದಿಯಲ್ಲಿದೆ. ಸಕ್ಕರೆಯ ಜೊತೆ ಬಂದದ್ದು ಇನ್ನೊಂದು ಹೆಸರು. 1852ರಿಂದ ಚೀನಾದ ಕೂಲಿಗಳು ಕರಾರಿನ ಮೇಲೆ ಹವಾಯಿಯ ಕಬ್ಬಿನ ತೋಟಗಳಿಗೆ ಬರತೊಡಗಿದರು. ಅವರು ತೊಡುತ್ತಿದ್ದ ಮೊನೆಯುಳ್ಳ, ಅಗಲ ಅಂಚಿನ ಟೋಪಿಯನ್ನು ಈ ದ್ವೀಪ ಹೋಲುತ್ತದೆಂದು ‘ಚೈನಾಮನ್ಸ್ ಹ್ಯಾಟ್’ ಎಂಬ ಇಂಗ್ಲಿಷ್ ಹೆಸರು ಚಾಲ್ತಿಗೆ ಬಂತು. ಚೀನೀಯರನ್ನು ಹಗುರಾಗಿ ಕಾಣುವ ಪದ ಅದರಲ್ಲಿದೆ ಎಂಬ ಕಾರಣಕ್ಕೆ ಇಂದು ಬಹಳಷ್ಟು ಜನ ಅದನ್ನು ಬಿಟ್ಟಿದ್ದಾರೆ. ನನ್ನ ತಕರಾರು ಅಲ್ಲಿಗೇ ಮುಗಿಯುವುದಿಲ್ಲ. ಟೋಪಿ ಎಂದ ಕೂಡಲೇ ಅದು ಕಡಲಲ್ಲಿ ಒಂಟಿಯಾಗಿ ತೇಲುವ ವಸ್ತುವಾಗಿಬಿಡುತ್ತದೆ. ಅದರ ಬೆಟ್ಟ ಹೋಯಿತು, ದಾರಿ ಹೋಯಿತು, ನಡೆದು ಬಂದವಳೂ ಹೋದಳು. ಫೋಟೊ ತೆಗೆಯಲು ಅನುಕೂಲವಾದ ಒಂದು ಆಕಾರ ಉಳಿಯಿತು.

ಹೆಸರು ಬದಲಾದದ್ದು ಒಂಟಿಯಾಗಿ ನಡೆದ ಸಂಗತಿಯೂ ಅಲ್ಲ. 1893ರಲ್ಲಿ ಹವಾಯಿಯ ರಾಣಿಯನ್ನು ಪದಚ್ಯುತಗೊಳಿಸಿದರು. 1896ರಲ್ಲಿ ಶಾಲೆಗಳಲ್ಲಿ ಇಂಗ್ಲಿಷನ್ನೇ ಮಾಧ್ಯಮವಾಗಿಸುವ ಕಾನೂನು ಬಂತು. 1898ರಲ್ಲಿ ದ್ವೀಪಗಳು ಅಮೆರಿಕಕ್ಕೆ ಸೇರಿದವು. ಕಥೆ ಹೇಳುವ ನಾಲಿಗೆಯನ್ನೇ ಕಸಿದ ಮೇಲೆ ಬಾಲ ಟೋಪಿಯಾಗುವುದಕ್ಕೆ ಎಷ್ಟು ಹೊತ್ತು?

ಆದರೂ ಕಥೆ ಉಳಿಯಿತು. ಪತ್ರಿಕೆಯಲ್ಲಿ ಬರೆಯುವವನಾಗಿ ನನಗೆ ಖುಷಿ ಕೊಡುವ ಭಾಗ ಇದು: ಉಳಿಸಿದ್ದು ಪತ್ರಿಕೆಗಳು. 1834ರಿಂದ ಮುಂದಿನ ಶತಮಾನದುದ್ದಕ್ಕೂ ಹವಾಯಿ ಭಾಷೆಯಲ್ಲಿ ನೂರರಷ್ಟು ಪತ್ರಿಕೆಗಳು ಹುಟ್ಟಿ ಸತ್ತವು. ಅವುಗಳ ಪುಟಗಳು ಲಕ್ಷ ದಾಟುತ್ತವೆ. 1861ರಲ್ಲಿ ಶುರುವಾದ ‘ಕಾ ಹೋಕೂ ಒ ಕಾ ಪಕಿಪಿಕ’ ಎಂಬ ಪತ್ರಿಕೆ ಮಿಷನರಿಗಳ ಹಿಡಿತದಲ್ಲಿರದೆ ಹವಾಯಿಯವರೇ ನಡೆಸಿದ ಮೊದಲ ಪತ್ರಿಕೆ. ಮುಂದೆ ದೊರೆಯಾದ ಕಲಾಕೌವ ಅದರ ಹಿಂದೆ ಇದ್ದ. ಆ ವರ್ಷದ ಕೊನೆಯಿಂದ ಕಪಿಹೆನುಇ ಎಂಬ ಲೇಖಕ ಹಿಇಯಾಕಳ ಕಥೆಯನ್ನು ಅದರಲ್ಲಿ ಧಾರಾವಾಹಿಯಾಗಿ ಬರೆದ. ಅನ್ಯದೇವತೆಗಳ ಕಥೆ ಯಾಕೆ ಅಚ್ಚು ಹಾಕುತ್ತೀರೆಂದು ಕ್ರೈಸ್ತ ವಲಯದಿಂದ ಟೀಕೆ ಬಂತು. ಧಾರಾವಾಹಿ ನಿಲ್ಲಲಿಲ್ಲ. 1905-06ರಲ್ಲಿ ‘ಕಾ ನಅಇ ಔಪುನಿ’ ಎಂಬ ದಿನಪತ್ರಿಕೆಯಲ್ಲಿ ಹೊಓಉಲುಮಾಹಿಯೆಹಿಯೆ ಎಂಬ ಹೆಸರಿನಲ್ಲಿ ಬಂದದ್ದು ಇನ್ನೂ ವಿಸ್ತಾರವಾದ ರೂಪ. ಶಾಲೆಯಲ್ಲಿ ಮಕ್ಕಳು ಇಂಗ್ಲಿಷ್ ಓದಬೇಕಾಗಿದ್ದ ಕಾಲದಲ್ಲಿ ದೊಡ್ಡವರು ಕಂತು ಕಂತಾಗಿ ಹಿಇಯಾಕಳ ಹಿಂದೆ ನಡೆದರು. 1915ರಲ್ಲಿ ನಥಾನಿಯಲ್ ಎಮರ್ಸನ್ ಅದನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿಸಿದ.

ಆ ಕಂತುಗಳಲ್ಲಿ ತುಂಬಿರುವುದು ಹಾಡುಗಳು. ಹಿಇಯಾಕ ಯಾವ ಊರಿಗೆ ಬಂದರೂ ಅಲ್ಲಿನ ಬೆಟ್ಟ, ಗಾಳಿ, ಮಳೆಗಳನ್ನು ಹೆಸರು ಹಿಡಿದು ಮಾತನಾಡಿಸುತ್ತಾಳೆ. ಹವಾಯಿಯಲ್ಲಿ ಒಂದೊಂದು ಊರಿನ ಮಳೆಗೂ ಗಾಳಿಗೂ ಪ್ರತ್ಯೇಕ ಹೆಸರಿದೆ. ಕಥೆಯನ್ನು ಬಾಯಿಪಾಠ ಮಾಡಿದವನಿಗೆ ಓವಾಹುವಿನ ಕರಾವಳಿ ಮನೆಯ ಅಂಗಳದಷ್ಟೇ ಪರಿಚಯವಾಗುತ್ತಿತ್ತು. ಮೊಕೊಲಿಇಯ ಪ್ರಸಂಗ ಆ ಉದ್ದನೆಯ ನಡಿಗೆಯಲ್ಲಿ ಒಂದು ತಂಗುದಾಣ, ಅಷ್ಟೇ. ಹಿಇಯಾಕ ಅಲ್ಲಿ ನಿಲ್ಲುವುದಿಲ್ಲ. ಕವಾಯಿಗೆ ಹೋದರೆ ಲೋಹಿಯಾವು ವಿರಹದಿಂದ ಸತ್ತೇ ಹೋಗಿರುತ್ತಾನೆ. ಅವನನ್ನು ಮಂತ್ರದಿಂದ ಬದುಕಿಸಿ ಕರೆತರುವಷ್ಟರಲ್ಲಿ ತಡವಾಗುತ್ತದೆ. ಅನುಮಾನದಿಂದ ಕುದಿದ ಪೆಲೆ ಮಾತು ಮುರಿದು ಲೆಹುವಾ ತೋಪನ್ನೂ ಹೋಪೋಯೆಯನ್ನೂ ಸುಟ್ಟುಬಿಡುತ್ತಾಳೆ. ಅದುವರೆಗೆ ಷರತ್ತನ್ನು ಕಾಪಾಡಿಕೊಂಡು ಬಂದ ತಂಗಿ, ಕುಂಡದ ಅಂಚಿನಲ್ಲಿ, ಅಕ್ಕನ ಕಣ್ಣೆದುರೇ ಅವನನ್ನು ಅಪ್ಪಿಕೊಳ್ಳುತ್ತಾಳೆ. ಇಂಥ ಕಥೆಯನ್ನು ಎರಡು ಸಾಲಿಗೆ ಇಳಿಸುವುದು ಎಂಥ ಅನ್ಯಾಯ!

ಕಥೆ ಪತ್ರಿಕೆಗಳಲ್ಲಿ ಉಳಿಯಿತು, ಹೆಸರು ಮರಳಲು ಇನ್ನೂ ಕಾಲ ಬೇಕಿತ್ತು. 1975ರ ಮಾರ್ಚ್ 8ರಂದು ಮೊಕೊಲಿಇ ಕಾಣುವ ಇದೇ ಕುವಾಲೋವಾ ತೀರದಲ್ಲಿ ಹೋಕೂಲೆಆ ಎಂಬ ಜೋಡಿ ಒಡಲಿನ ಹಾಯಿದೋಣಿಯನ್ನು ನೀರಿಗಿಳಿಸಿದರು. ಹಿಂದಿನವರು ಪೆಸಿಫಿಕ್ ದಾಟಿದ್ದು ಗಾಳಿ ಒಯ್ದ ಕಡೆಗೆ ಕುರುಡಾಗಿ ತೇಲಿ, ದಾರಿ ತಿಳಿದು ಅಲ್ಲ ಎಂದು ವಾದಿಸುವ ಪಂಡಿತರು ಆಗ ಇದ್ದರು. ಮರುವರ್ಷ ಮೈಕ್ರೊನೇಷ್ಯಾದ ಸತವಾಲ್ ದ್ವೀಪದ ಮಾವ್ ಪಿಯೈಲುಗ್ ಯಾವ ಉಪಕರಣವೂ ಇಲ್ಲದೆ ನಕ್ಷತ್ರ, ಅಲೆಗಳನ್ನೇ ನೋಡಿಕೊಂಡು ಆ ದೋಣಿಯನ್ನು ಮಾವಿಯಿಂದ ತಹಿತಿಗೆ ಮುಟ್ಟಿಸಿದರು. 1976ರ ಮೇ 1ರಂದು ಹೊರಟು ಜೂನ್ 4ರಂದು ಅಲ್ಲಿನ ಪಪೀಟೆ ತಲುಪಿದರು. 1978ರಲ್ಲಿ ಹವಾಯಿ ಭಾಷೆ ರಾಜ್ಯದ ಅಧಿಕೃತ ಭಾಷೆಯಾಯಿತು, 1984ರಲ್ಲಿ ಅದನ್ನೇ ಮಾಧ್ಯಮವಾಗಿಸಿಕೊಂಡ ಮೊದಲ ಶಿಶುವಿಹಾರ ಶುರುವಾಯಿತು. ಮೊಕೊಲಿಇ ಎಂಬ ಹೆಸರು ಜನರ ಬಾಯಿಗೆ ಮರಳಿದ್ದು ಈ ಮರುಜಾಗೃತಿಯ ಅಲೆಯಲ್ಲೇ.

ಜನವಸತಿಯಿಲ್ಲ ಎಂದು ಆರಂಭದಲ್ಲಿ ಬರೆದೆ. ಜನ ಇಲ್ಲ, ಆದರೆ ವಸತಿ ಇದೆ. ಉಅಉ ಕಾನಿ ಎಂಬ ಕಡಲಹಕ್ಕಿ ಈ ದ್ವೀಪದ ಮಣ್ಣಿನಲ್ಲಿ ಬಿಲ ತೋಡಿ ವರ್ಷಕ್ಕೆ ಒಂದೇ ಒಂದು ಮೊಟ್ಟೆ ಇಡುತ್ತದೆ. ರಾತ್ರಿ ಇವು ಕೂಗುವುದು ಎಳೆಮಗು ಅತ್ತ ಹಾಗೆ ಕೇಳುತ್ತದಂತೆ. ಮೊಟ್ಟೆ, ಮರಿಗಳನ್ನು ಕಪ್ಪು ಇಲಿಗಳು ತಿಂದುಹಾಕುತ್ತಿದ್ದವು. 1999ರಿಂದ 2001ರವರೆಗಿನ ಮೂರು ವರ್ಷಗಳಲ್ಲಿ ಇಲ್ಲಿ ಬೆಳೆದು ಹಾರಿದ್ದು ಒಂದೇ ಮರಿ. 2002ರಲ್ಲಿ ಬೋನು, ವಿಷದ ಆಹಾರ ಇಟ್ಟು ಇಲಿಗಳನ್ನು ಪೂರ್ತಿ ನಿರ್ಮೂಲ ಮಾಡಿದರು. ಆ ವರ್ಷ 126 ಮರಿಗಳು, ಮರುವರ್ಷ 185 ಮರಿಗಳು ಹಾರಿದವು. ಸಂರಕ್ಷಣೆಯಲ್ಲಿ ಇಷ್ಟು ಬೇಗ, ಇಷ್ಟು ಸ್ಪಷ್ಟವಾಗಿ ಫಲ ಕಾಣುವುದು ಅಪರೂಪ. ಕಾರ್ಟರ್ ಹುಲ್ಲು ಎಂಬ ಅಪರೂಪದ ಹುಲ್ಲೊಂದು ಕೂಡ ಇಲ್ಲಿದೆ; 1983ರಲ್ಲಿ ಅಮೆರಿಕ ಸರ್ಕಾರ ಅದನ್ನು ಅಳಿವಿನಂಚಿನ ಸಸ್ಯಗಳ ಪಟ್ಟಿಗೆ ಸೇರಿಸಿತು.

ಆದರೆ ಅರ್ಧ ಕಿಲೋಮೀಟರು ಇಲಿಗೆ ದೂರವಲ್ಲ, ಈಜಿ ಬರಬಲ್ಲದು. ಹಾಗಾಗಿ ಕಾವಲು ಬಿಡುವಂತಿಲ್ಲ. ಮನುಷ್ಯರಿಗೂ ದೂರವಲ್ಲ. ನೀರಿಳಿದಾಗ ಹವಳದ ದಿಬ್ಬದ ಮೇಲೆ ನಡೆದೂ ಕಯಾಕ್ ಹುಟ್ಟು ಹಾಕಿಯೂ ಬರುತ್ತಾರೆ, ತುದಿಯವರೆಗೆ ಹತ್ತುತ್ತಾರೆ. ಕೊಲ್ಲಿಯ ಇನ್ನೊಂದು ತುದಿಯ ಮೊಕು ಮನು ದ್ವೀಪ ಕಡಲಹಕ್ಕಿಗಳ ಅಭಯಾರಣ್ಯ, ಅಲ್ಲಿ ಕಾಲಿಡುವಂತೆಯೇ ಇಲ್ಲ. ಮೊಕೊಲಿಇ ಕುವಾಲೋವಾ ಉದ್ಯಾನಕ್ಕೆ ಸೇರಿದ್ದರಿಂದ ಇಲ್ಲಿಗೆ ಬರಲು ಅಡ್ಡಿಯಿಲ್ಲ. ಉಬ್ಬರ ಯಾವಾಗ ಏರುತ್ತದೆಂದು ನೋಡಿಕೊಳ್ಳದೆ ನೀರಿಗಿಳಿದು ಪ್ರಾಣ ಕಳೆದುಕೊಂಡವರಿದ್ದಾರೆ. ಬಂದವರು ಕಾಲುದಾರಿ ಬಿಟ್ಟು ಪಕ್ಕಕ್ಕೆ ಹೆಜ್ಜೆಯಿಟ್ಟರೆ ಹಕ್ಕಿಯ ಬಿಲ ಮರಿಯ ಸಮೇತ ಕುಸಿಯುತ್ತದೆ. ಹೋಗಲೇಬೇಕೆಂದರೆ ನವೆಂಬರಿನಲ್ಲಿ ಮರಿಗಳು ಹಾರಿದ ಮೇಲೆ, ಮಾರ್ಚಿನಲ್ಲಿ ಹಕ್ಕಿಗಳು ಮರಳುವ ಮೊದಲು ಹೋಗಬಹುದು. ಆ ತಿಂಗಳುಗಳಲ್ಲಿ ಕಡಲು ಒರಟು. ದಡದಲ್ಲೇ ಕುಳಿತು ನೋಡುವವರಿಗೆ ಎಲ್ಲ ತಿಂಗಳೂ ಒಂದೇ, ಕುಳಿತ ಜಾಗವೂ ಕಥೆಗೆ ಸೇರಿದ್ದೇ.